ಸರಪಳಿಗೆ ಕಟ್ಟಲು ಲ್ಯಾಬ್ರಡಾರ್ ಏಕೆ ಬೇಕಿತ್ತು?

ನಮ್ಮ ಊರುಗಳಲ್ಲಿ ಹೊಸ ಮನೆ ಕಟ್ಟಿದವರ ಗೇಟಿನೊಳಗೆ ಈಗ ಒಂದು ಲ್ಯಾಬ್ರಡಾರ್ ಇರಲೇಬೇಕು. ಸಾವಿರಾರು ರೂಪಾಯಿ ಕೊಟ್ಟು ಮರಿ ತರುತ್ತಾರೆ, ಸ್ಟೇಟಸ್ ಹಾಕುತ್ತಾರೆ. ಆರು ತಿಂಗಳಿಗೆ ಅದೇ ನಾಯಿ ಮಾರುದ್ದದ ಸರಪಳಿಯಲ್ಲಿ. ಚಪ್ಪಲಿ ಕಚ್ಚುತ್ತದೆ, ದಂಡದ ನಾಯಿ ಎಂಬ ಬೈಗುಳ ಬೇರೆ.

ಲ್ಯಾಬ್ರಡಾರ್ ಕಾವಲಿನ ನಾಯಿಯೇ ಅಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮೀನುಗಾರರ ಜೊತೆ ದುಡಿದ ನಾಯಿಗಳ ವಂಶ ಅದು. ಬ್ರಿಟನ್ನಿನ ಬೇಟೆಗಾರರು ಅದನ್ನು ಹಕ್ಕಿ ತರುವ ಕೆಲಸಕ್ಕೆ ಬೆಳೆಸಿದರು. 1903ರಲ್ಲಿ ಅಲ್ಲಿನ ಕೆನಲ್ ಕ್ಲಬ್ ಅದನ್ನೊಂದು ತಳಿಯೆಂದು ಒಪ್ಪಿತು. ಹಕ್ಕಿ ಎಲ್ಲಿ ಬಿತ್ತೆಂದು ಕಣ್ಣಲ್ಲೇ ಗುರುತಿಟ್ಟುಕೊಳ್ಳಬೇಕು, ಹೇಳುವ ತನಕ ಕದಲಬಾರದು, ಆಮೇಲೆ ಹುಡುಕಿ, ಹಲ್ಲು ನಾಟದಂತೆ ತಂದು ಕೈಗೆ ಕೊಡಬೇಕು. ಇಂಥ ಬುದ್ಧಿಯನ್ನು ಗೇಟಿಗೆ ಕಟ್ಟಿದರೆ ಅದು ಚಪ್ಪಲಿಯನ್ನಲ್ಲದೆ ಇನ್ನೇನು ಕಚ್ಚೀತು?

ಹಾಗಂತ ಗೌಜಲಹಕ್ಕಿ ಹೊಡೆಯಲು ಹೊರಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಪಾಠಕ್ಕೆ ಹಕ್ಕಿ ಬೇಕಾಗಿಯೂ ಇಲ್ಲ. ಹಳೇ ಕಾಲುಚೀಲಕ್ಕೆ ಬಟ್ಟೆ ತುರುಕಿ ಕಟ್ಟಿದರೆ ಸಾಕು.

ಬಿಸಿಲೇರುವ ಮುಂಚೆ, ಕಟಾವಾದ ಹೊಲದಲ್ಲಿ ಮರಿಯ ಎದೆಗೆ ಕೈ ಅಡ್ಡ ಹಿಡಿದು ಕೂರಿಸಿ. ಇನ್ನೊಬ್ಬರು ದೂರದಲ್ಲಿ ನಿಂತು 'ಹೋಯ್' ಎಂದು ಕೂಗಿ ಎತ್ತರಕ್ಕೆ ಎಸೆಯಲಿ. ಬಿದ್ದ ಜಾಗವನ್ನು ಮರಿ ನೋಡಿದ ಮೇಲೆ ಹೆಸರು ಕರೆದು ಬಿಡಿ. ತಂದಾಗ ಕಿತ್ತುಕೊಳ್ಳಬೇಡಿ, ಬೆನ್ನು ಸವರಿ ಮೆಲ್ಲಗೆ ತೆಗೆದುಕೊಳ್ಳಿ. ಕಚ್ಚಿಕೊಂಡು ಓಡಿದರೆ ಬೆನ್ನಟ್ಟಬೇಡಿ, ನೀವೇ ಆಚೆ ಓಡಿ, ಅದು ಹಿಂದೆ ಬರುತ್ತದೆ. ಮೂರು ನಾಲ್ಕು ಎಸೆತ ಸಾಕು. ಬಯಲಿನಲ್ಲಿ ಪಳಗಿದ ಮೇಲೆ ಬದುವಿನ ಹುಲ್ಲಿನಲ್ಲಿ ಎಸೆಯಿರಿ. ಕಾಣದಿದ್ದರೆ ಮೂಗಿನಿಂದ ಹುಡುಕುತ್ತದೆ, ನೀವು ಅವಸರ ಮಾಡದಿದ್ದರೆ.

'ಹೊಡೆದರೇ ಕಲಿಯುವುದು' ಎನ್ನುವವರಿದ್ದಾರೆ. ಹೊಡೆತ ತಿಂದ ಮರಿ ನಿಮ್ಮ ಹತ್ತಿರ ತರುವುದನ್ನೇ ಬಿಡುತ್ತದೆ. 'ಹೊಲಮನೆ ಕೆಲಸದ ನಡುವೆ ಪುರುಸೊತ್ತೆಲ್ಲಿ' ಎನ್ನುವವರೂ ಇದ್ದಾರೆ. ದಿನಕ್ಕೆ ಹತ್ತು ನಿಮಿಷ ಇಲ್ಲದವರು ಮರಿ ತರಲೇಬೇಡಿ.

ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದೆ ಇರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಕ್ರೌರ್ಯವೆಂದೇ ಇದೆ. ಆದರೆ ಮೊದಲ ಸಲಕ್ಕೆ ದಂಡ ಹೆಚ್ಚೆಂದರೆ 50 ರೂಪಾಯಿ! ಇದಕ್ಕೆ ಯಾರು ಹೆದರುತ್ತಾರೆ? ಈ ಮೊತ್ತ ಏರಲೇಬೇಕು ಎಂಬುದು ನಮ್ಮ ಒತ್ತಾಯ.

ಕಾವಲಿಗೇ ನಾಯಿ ಬೇಕಿದ್ದರೆ ನಿಮ್ಮ ಬೀದಿಯಲ್ಲೇ ಹುಟ್ಟಿದ ಮರಿಯನ್ನು ಸಾಕಿ, ದುಡ್ಡೂ ಉಳಿಯುತ್ತದೆ. ಲ್ಯಾಬ್ರಡಾರ್ ತಂದಾಗಿದ್ದರೆ, ನಾಳೆ ಬೆಳಿಗ್ಗೆ ಸರಪಳಿ ಬಿಚ್ಚಿ, ಕಾಲುಚೀಲ ಹಿಡಿದು ಹೊಲಕ್ಕೆ ನಡೆಯಿರಿ.