ಅಜ್ಜ-ಅಜ್ಜಿಯರನ್ನು ಓಡಿಸುವ ಟೂರ್ ಬೇಡ

ಒಂದೇ ದಿನಕ್ಕೆ ಏಳು ದೇವಸ್ಥಾನ ಎಂದು ಪಾಂಪ್ಲೆಟ್ ಹಂಚುವವರಿಗೆ ನಮ್ಮದೊಂದು ಪ್ರಶ್ನೆ: ಮಂಡಿನೋವಿನ ಅಜ್ಜಿ ಬೇಲೂರಿನಲ್ಲಿ ನೋಡುವುದಾದರೂ ಏನು? ಚಪ್ಪಲಿ ಹೊರಗೆ ಬಿಟ್ಟು ಕಾದ ಕಲ್ಲುಹಾಸಿನ ಮೇಲೆ ಓಡಬೇಕು. ಮದನಿಕೆಯರತ್ತ ಕತ್ತೆತ್ತುವಷ್ಟರಲ್ಲಿ ಹಾರನ್. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಗುಡಿಗೆ ಅರ್ಧ ಗಂಟೆ! ನಕ್ಷತ್ರಾಕಾರದ ಮಂಟಪವಿರುವ ಅರಸೀಕೆರೆಯ ಈಶ್ವರ ದೇವಾಲಯವಂತೂ ಪಟ್ಟಿಯಲ್ಲೇ ಇರುವುದಿಲ್ಲ.

ಐವತ್ತು ಸೀಟಿನ ಬಸ್ಸು ಒಬ್ಬರಿಗಾಗಿ ನಿಲ್ಲುವುದಿಲ್ಲ. ಹನ್ನೆರಡು ಜನರ ಟಿಟಿ ನಿಲ್ಲುತ್ತದೆ. ತಲೆಗೆ ಸ್ವಲ್ಪ ಜಾಸ್ತಿ ಬಿದ್ದರೂ ಅದನ್ನೇ ಹಿಡಿಯಿರಿ. ಅಡ್ವಾನ್ಸ್ ಕೊಡುವ ಮುಂಚೆ ಕೇಳಿ: ಶೌಚಾಲಯಕ್ಕೆ ಎಲ್ಲೆಲ್ಲಿ ನಿಲ್ಲಿಸುತ್ತೀರಿ? ಸುಡು ಮಧ್ಯಾಹ್ನ ಎಲ್ಲಿರುತ್ತೇವೆ? ತಡವರಿಸಿದರೆ ಬೇರೆಯವರನ್ನು ನೋಡಿ.

ಅದೂ ದುಬಾರಿಯಾದರೆ ಸರ್ಕಾರಿ ಬಸ್ಸಿದೆ: ಹೆಂಗಸರಿಗೆ ಕಾಸು ಬೇಡ, 60 ದಾಟಿದ ಗಂಡಸರಿಗೆ ಶೇ 25 ರಿಯಾಯಿತಿ. ಬೆಳಿಗ್ಗೆ ಬೇಲೂರು, ಬಿಸಿಲಿಳಿದ ಮೇಲೆ ಹದಿನಾರು ಕಿಲೋಮೀಟರ್ ಆಚೆಯ ಹಳೇಬೀಡು. ಅರಸೀಕೆರೆಗೆ ಇನ್ನೊಂದು ದಿನ.