ಎರೆಯ ಅಂಗಳಕ್ಕೆ ಕಲ್ಲಿನ ಹೆಜ್ಜೆದಾರಿ

ಉಮರ್ಗಾ, ನಿಲಂಗಾ, ಉದಗೀರ ಭಾಗದ ನೆಲ ಹೆಚ್ಚಾಗಿ ಕಪ್ಪು ಎರೆ. ಮಳೆಗಾಲದಲ್ಲಿ ಉಬ್ಬಿ ಕಾಲಿಗೆ ಮೆತ್ತುತ್ತದೆ, ಬೇಸಿಗೆಯಲ್ಲಿ ಬಿರಿದು ಬಾಯಿ ಬಿಡುತ್ತದೆ. ಶಾಲೆಯ ಗೇಟಿನಿಂದ ವರ್ಗ ಮುಟ್ಟುವಷ್ಟರಲ್ಲಿ ಮಕ್ಕಳ ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಅಂಟುವುದನ್ನು ನಾವೆಲ್ಲ ಬಲ್ಲೆವು. ಆದ್ದರಿಂದ ನಮ್ಮ ಕಡೆಯ ಪ್ರತಿ ಶಾಲೆಯ ಅಂಗಳದಲ್ಲೂ ಕಲ್ಲಿನ ಹೆಜ್ಜೆದಾರಿಯೊಂದು, ಅದರ ಬದಿಗೆ ನಾಲ್ಕು ಗಿಡಗಳು ಇರಲೇಬೇಕೆಂಬುದು ನಮ್ಮ ಅಭಿಪ್ರಾಯ.

"ಕುಡಿಯಲು ನೀರಿಲ್ಲದಲ್ಲಿ ತೋಟವೇಕೆ?" ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. 2016ರ ಏಪ್ರಿಲ್ ತಿಂಗಳಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ತರಬೇಕಾಯಿತೆಂಬುದನ್ನು ಮರೆಯುವಂತಿಲ್ಲ. ಆದರೆ ಇಂಥ ದಾರಿಗೆ ದೊಡ್ಡ ಹುಲ್ಲುಹಾಸು ಬೇಕಿಲ್ಲ. ಮಕ್ಕಳು ಊಟಕ್ಕೆ ಮೊದಲು ಕೈ ತೊಳೆದ ನೀರನ್ನು ಸಣ್ಣ ಕಾಲುವೆಯಿಂದ ತಿರುಗಿಸಿದರೆ ನಾಲ್ಕು ಗಿಡ ಬದುಕುತ್ತವೆ.

ಇನ್ನು ಕಲ್ಲಿನ ಮಾತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರುಗಳಲ್ಲಿ ಮಣ್ಣಿನಿಂದ ಕಟ್ಟಿದ ದಪ್ಪ ಕಲ್ಲುಗೋಡೆಗಳು ಮಲಗಿದ್ದವರ ಮೇಲೆ ಕುಸಿದವು. ಕಲ್ಲೆಂದರೆ ಹಿರಿಯರ ಎದೆ ಇಂದಿಗೂ ನಡುಗುತ್ತದೆ. ಆ ಕಲ್ಲೇ ನೆಲದಲ್ಲಿ ಭದ್ರವಾಗಿ ಕುಳಿತರೆ ಮೊಮ್ಮಕ್ಕಳ ಕಾಲಿಗೆ ಆಸರೆಯಾದೀತು. ಊರಿನ ಕರಿಗಲ್ಲಾದರೂ ಸರಿ, ಕಲಬುರಗಿ ಜಿಲ್ಲೆಯ ಶಹಾಬಾದ ಫರಸಿಯಾದರೂ ಸರಿ. ಒರಟು ಮೈ ಮೇಲಿರಲಿ, ಮಳೆಯಲ್ಲಿ ಜಾರದು.

ದಾರಿಯ ನಕಾಶೆಯನ್ನು ಕಾಗದದ ಮೇಲೆ ಬರೆಯುವ ಮೊದಲು ಎಂಟು ದಿನ ಮಕ್ಕಳು ಎಲ್ಲಿ ನಡೆಯುತ್ತಾರೆಂದು ನೋಡಬೇಕು. ಅವರು ತುಳಿದ ಜಾಡಿಗೆ ಬೂದಿಯಿಂದ ಗೆರೆ ಎಳೆಯಬೇಕು. ಎಲ್ಲರಿಗಿಂತ ಚಿಕ್ಕ ವಿದ್ಯಾರ್ಥಿಯ ಹೆಜ್ಜೆಯೇ ಕಲ್ಲಿನಿಂದ ಕಲ್ಲಿಗೆ ಅಳತೆ. ಪ್ರತಿ ಕಲ್ಲಿನಡಿ 9 ಇಂಚು ಎರೆ ತೆಗೆದು, 6 ಇಂಚು ಗರಸು ತುಂಬಿ, ದಮ್ಮಸು ಹೊಡೆದು, ಮೇಲೆ ಉಸುಕು ಹರವಿ ಕಲ್ಲು ಕೂಡಿಸಬೇಕು. ಎರೆಯ ಮೇಲೆಯೇ ಇಟ್ಟ ಕಲ್ಲು ಒಂದು ಮಳೆಗಾಲದಲ್ಲಿ ಓರೆಯಾಗುತ್ತದೆ. ಕಲ್ಲು ನೆಲಕ್ಕಿಂತ ಅರ್ಧ ಇಂಚು ಮಾತ್ರ ಮೇಲಿರಲಿ. ಹೆಚ್ಚಾದರೆ ಎಡವುವ ಭಯ.

ಕಲ್ಲುಗಳ ನಡುವೆ ಗರಿಕೆ ಸಾಕು. ಒಂದು ಅಡಿ ಬಿಟ್ಟು ತುಳಸಿ, ಮಜ್ಜಿಗೆಹುಲ್ಲು, ದಾಸವಾಳ ನೆಡಬಹುದು. ಲೋಳೆಸರದ ಕುಣಿಗೆ ಗರಸು ಬೆರೆಸಬೇಕು. ಬೇರಿಗೆ ನೀರು ನಿಂತರೆ ಅದು ಕೊಳೆಯುತ್ತದೆ. ಮುಳ್ಳಿನ ಗಿಡ ಬೇಡ.

ಕೂಲಿ ಕೊಟ್ಟು ಮಾಡಿಸಿದ ದಾರಿಯನ್ನು ಮಕ್ಕಳು ಬರೀ ತುಳಿಯುತ್ತಾರೆ, ತಾವೇ ಅಳೆದು ಹಾಕಿದ್ದನ್ನು ಕಾಯುತ್ತಾರೆ. ವರ್ಗಕ್ಕೆ ಹತ್ತು ಕಲ್ಲು, ಅವುಗಳ ಬದಿಯ ಗಿಡಗಳು ಎಂದು ಹಂಚಿಕೊಟ್ಟು, ಭಾರ ಎತ್ತಲು ಪಾಲಕರು ಕೈಗೂಡಿಸಿದರೆ ಮಿರಗದ ಮಳೆಗೆ ಮೊದಲೇ ಈ ಕೆಲಸ ಮುಗಿದೀತು.