ಸೂರಿನ ಲೆಕ್ಕದಲ್ಲಿ ನಗರಪಾಲಿಕೆಯ ಪಾಲೆಷ್ಟು?

2024ರ ಮಾರ್ಚ್ ತಿಂಗಳಲ್ಲಿ ರಾಜ್ಯ ಸರಕಾರವು ಕೊಳಗೇರಿ ಅಭಿವೃದ್ಧಿ ಮಂಡಳಿ ಕಟ್ಟಿಸಿದ 36,789 ಮನೆಗಳನ್ನು ಬಡ ಕುಟುಂಬಗಳಿಗೆ ಹಸ್ತಾಂತರಿಸಿತು. ಕೀಲಿಕೈ ಪಡೆದವರ ಮುಖದ ಮೇಲಿನ ಸಂತಸವನ್ನು ಪತ್ರಿಕೆಗಳು ಪ್ರಕಟಿಸಿದವು. ಸಂತೋಷಪಡಬೇಕಾದ ಸಂಗತಿಯೇ ಅದು. ಆದರೆ ಆ ಮನೆಗಳು ಅಷ್ಟು ವರ್ಷ ಅರೆಬರೆಯಾಗಿ ನಿಂತದ್ದೇಕೆ ಎಂಬ ಪ್ರಶ್ನೆ ಆ ಸಂಭ್ರಮದಲ್ಲಿ ಮರೆಯಾಯಿತು. ನಮ್ಮ ಅಭಿಪ್ರಾಯದಲ್ಲಿ ನಗರಗಳ ಬಡವರ ಪಾಲಿಗೆ ಅದೇ ಮುಖ್ಯ ಪ್ರಶ್ನೆ.

ಲೆಕ್ಕ ಸರಳವಾಗಿದೆ. ಅಂಥ ಒಂದು ಮನೆಗೆ ಸುಮಾರು ಏಳೂವರೆ ಲಕ್ಷ ರೂಪಾಯಿ ವೆಚ್ಚವಾಗುತ್ತದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯಡಿ ಕೇಂದ್ರವು ಒಂದೂವರೆ ಲಕ್ಷ ಕೊಡುತ್ತಿತ್ತು. ರಾಜ್ಯವು ವರ್ಗಕ್ಕೆ ತಕ್ಕಂತೆ ಒಂದರಿಂದ ಎರಡು ಲಕ್ಷ ಸೇರಿಸುತ್ತಿತ್ತು. ಉಳಿದ ನಾಲ್ಕು ಲಕ್ಷಕ್ಕೂ ಮಿಕ್ಕಿದ ಹಣವನ್ನು ಫಲಾನುಭವಿಯೇ ತರಬೇಕಿತ್ತು. ದಿನಗೂಲಿಯವನು, ತಳ್ಳುಗಾಡಿಯಲ್ಲಿ ಹಣ್ಣು ಮಾರುವವನು, ಬೀಡಿ ಕಟ್ಟುವ ವಿಧವೆ ನಾಲ್ಕು ಲಕ್ಷವನ್ನು ಎಲ್ಲಿಂದ ತರಬೇಕು? ಬ್ಯಾಂಕಿಗೆ ಹೋದರೆ ಸಂಬಳದ ಚೀಟಿ ಕೇಳುತ್ತಾರೆ, ಜಾಮೀನು ಕೇಳುತ್ತಾರೆ. ಎರಡೂ ಇಲ್ಲದವರ ಮನೆ ಅಡಿಪಾಯದಲ್ಲೋ ಗೋಡೆಯಲ್ಲೋ ನಿಂತುಬಿಡುತ್ತದೆ. ಕೊನೆಗೆ 2023ರ ಡಿಸೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ಫಲಾನುಭವಿಯ ಪಾಲಿನಲ್ಲಿ ನಾಲ್ಕು ಲಕ್ಷವನ್ನು ಸರಕಾರವೇ ಭರಿಸುವುದೆಂದು ತೀರ್ಮಾನಿಸಿದ ಮೇಲೆಯೇ ಕೆಲಸ ಮುಂದುವರಿಯಿತು. ಬಡವನನ್ನು ಸಾಲಗಾರನನ್ನಾಗಿ ಮಾಡಿ ಅವನಿಗೆ ಸೂರು ಕೊಡುತ್ತೇವೆಂಬ ಲೆಕ್ಕಾಚಾರವೇ ತಪ್ಪು ಎಂಬುದನ್ನು ಸರಕಾರ ತನಗರಿವಿಲ್ಲದೆಯೇ ಒಪ್ಪಿಕೊಂಡಂತಾಯಿತು.

ಈ ಇಡೀ ವ್ಯವಹಾರದಲ್ಲಿ ಕೇಂದ್ರವಿದೆ, ರಾಜ್ಯವಿದೆ, ಬ್ಯಾಂಕ್ ಇದೆ, ಬಡವನಿದ್ದಾನೆ. ಹಾಗಾದರೆ ನಗರಪಾಲಿಕೆ ಎಲ್ಲಿದೆ? ಆ ಬಡವನ ದುಡಿಮೆಯಿಂದ ಬೆಳೆದ ನಗರದ ಆಡಳಿತ ಅವನ ಮನೆಗಾಗಿ ಸ್ವಂತ ಬೊಕ್ಕಸದಿಂದ ಕೊಟ್ಟದ್ದೆಷ್ಟು?

ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಅದರೊಂದಿಗೆ ಸೇರಿದ 12ನೇ ಅನುಸೂಚಿಯಲ್ಲಿ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ಕೊಳಗೇರಿಗಳ ಸುಧಾರಣೆ ಮತ್ತು ನಗರ ಬಡತನ ನಿರ್ಮೂಲನ ಅವುಗಳಲ್ಲಿ ಸೇರಿವೆ. ಹೊಣೆ ಕಾಗದಕ್ಕಿಳಿಯಿತು, ಹಣ ಮಾತ್ರ ಅದರ ಹಿಂದೆ ಬರಲಿಲ್ಲ. ರಿಸರ್ವ್ ಬ್ಯಾಂಕ್ 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಭಾರತದ ಪೌರಸಂಸ್ಥೆಗಳ ಆದಾಯವು ಒಂದು ದಶಕಕ್ಕೂ ಹೆಚ್ಚು ಕಾಲದಿಂದ ದೇಶದ ಒಟ್ಟು ಉತ್ಪನ್ನದ ಶೇ. 1ರ ಆಸುಪಾಸಿನಲ್ಲೇ ನಿಂತಿದೆ. ಬ್ರೆಜಿಲ್‌ನಲ್ಲಿ ಅದು ಶೇ. 7.4, ದಕ್ಷಿಣ ಆಫ್ರಿಕಾದಲ್ಲಿ ಶೇ. 6. ಕೈಯಲ್ಲಿ ಕಾಸಿಲ್ಲದ ಹಿರಿಯನಿಗೆ ಮನೆಯ ಯಜಮಾನಿಕೆ ಕೊಟ್ಟಂತಿದೆ ನಮ್ಮ ಪಾಲಿಕೆಗಳ ಸ್ಥಿತಿ. ರಾಜ್ಯದ ರಾಜಧಾನಿಯ ಕಥೆ ಇನ್ನೂ ವಿಚಿತ್ರ. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು 2025ರಲ್ಲಿ ಐದು ಪಾಲಿಕೆಗಳಾಗಿ ವಿಂಗಡಿಸುವವರೆಗೂ ಒಬ್ಬನೇ ಒಬ್ಬ ಚುನಾಯಿತ ಸದಸ್ಯನಿಲ್ಲದೆ ಅಧಿಕಾರಿಗಳೇ ನಡೆಸಿದರು. ಪ್ರಶ್ನಿಸುವವರಿಲ್ಲದ ಬಜೆಟ್‌ನಲ್ಲಿ ಬಡವನ ಪಾಲನ್ನು ಯಾರು ಕೇಳುತ್ತಾರೆ?

ಕೊರತೆ ಯಾರದ್ದು ಎಂಬುದೂ ಗಮನಾರ್ಹ. ಕೇಂದ್ರ ಸರಕಾರವೇ ನೇಮಿಸಿದ ತಾಂತ್ರಿಕ ಸಮಿತಿಯು 2012ರಲ್ಲಿ ನಗರಗಳಲ್ಲಿ 1.87 ಕೋಟಿ ಮನೆಗಳ ಕೊರತೆಯಿದೆಯೆಂದು ಅಂದಾಜಿಸಿತ್ತು. ಅದರಲ್ಲಿ ಸುಮಾರು ಶೇ. 96ರಷ್ಟು ಆರ್ಥಿಕವಾಗಿ ದುರ್ಬಲರಾದವರ ಮತ್ತು ಕಡಿಮೆ ಆದಾಯದವರ ಕೊರತೆ. ವಿಪರ್ಯಾಸವೆಂದರೆ, 2011ರ ಜನಗಣತಿಯಲ್ಲಿ ಇವೇ ನಗರಗಳಲ್ಲಿ 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವು. ಒಂದೆಡೆ ವಾಸಿಸುವವರಿಲ್ಲದ ಮನೆ, ಇನ್ನೊಂದೆಡೆ ಮನೆಯಿಲ್ಲದ ಮನುಷ್ಯ. ಮಾರುಕಟ್ಟೆಗೆ ಎಲ್ಲವನ್ನೂ ಒಪ್ಪಿಸಿದರೆ ಆಗುವುದು ಇದೇ.

ನಗರವೊಂದು ಮನಸ್ಸು ಮಾಡಿದರೆ ಬೇರೆ ದಾರಿಯಿದೆ ಎಂಬುದಕ್ಕೆ ಆಸ್ಟ್ರಿಯಾದ ವಿಯೆನ್ನಾ ನಗರವು ನೂರು ವರ್ಷಗಳ ಹಿಂದೆಯೇ ಸಾಕ್ಷಿ ಒದಗಿಸಿದೆ. ಪ್ರಥಮ ಮಹಾಯುದ್ಧದಿಂದ ಜರ್ಜರಿತವಾಗಿದ್ದ, ಕಾರ್ಮಿಕರು ಒಂದೇ ಕೋಣೆಯಲ್ಲಿ ಕಿಕ್ಕಿರಿದು ಬದುಕುತ್ತಿದ್ದ ನಗರವದು. 1923ರಲ್ಲಿ ಅಲ್ಲಿನ ನಗರಾಡಳಿತವು ವಸತಿ ತೆರಿಗೆಯೊಂದನ್ನು ಜಾರಿಗೆ ತಂದಿತು. ಹಣಕಾಸಿನ ಹೊಣೆ ಹೊತ್ತಿದ್ದ ಹ್ಯೂಗೋ ಬ್ರೈಟ್ನರ್ ರೂಪಿಸಿದ ಆ ತೆರಿಗೆಯಲ್ಲಿ ಸಣ್ಣ ಮನೆಯವನಿಗೆ ಹೊರೆ ಅತ್ಯಲ್ಪ, ಬಂಗಲೆಯವನಿಗೆ ಬಹುಪಾಲು. ಕಾರು, ಮನರಂಜನೆ ಮುಂತಾದ ವಿಲಾಸಗಳ ಮೇಲೆ ಪ್ರತ್ಯೇಕ ತೆರಿಗೆಗಳಿದ್ದವು. ಆ ಹಣದಿಂದ 1934ರೊಳಗೆ 60 ಸಾವಿರಕ್ಕೂ ಹೆಚ್ಚು ಮನೆಗಳು ಎದ್ದು ನಿಂತವು. 1930ರಲ್ಲಿ ಉದ್ಘಾಟನೆಗೊಂಡ ಒಂದೇ ಸಮುಚ್ಚಯದಲ್ಲಿ 1,382 ಮನೆಗಳಿದ್ದವು. ಅಲ್ಲಿಯೇ ಬಟ್ಟೆ ಒಗೆಯುವ ವ್ಯವಸ್ಥೆ, ಶಿಶುವಿಹಾರ, ಗ್ರಂಥಾಲಯಗಳೂ ಇದ್ದವು.

ಈ ಯೋಜನೆಯಲ್ಲಿ ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕಾದ ಒಂದು ಅಂಶವಿದೆ. ನಗರಾಡಳಿತವು ಈ ಮನೆಗಳನ್ನು ಪ್ರಧಾನವಾಗಿ ತೆರಿಗೆಯ ಹಣದಿಂದಲೇ ಕಟ್ಟಿಸಿತು, ಸಾಲವನ್ನು ನೆಚ್ಚಿಕೊಳ್ಳಲಿಲ್ಲ. ಆದ್ದರಿಂದ ಬಾಡಿಗೆಯಲ್ಲಿ ಬಡ್ಡಿಯ ಭಾರ ಸೇರಲಿಲ್ಲ. ನಿರ್ವಹಣೆಯ ಖರ್ಚಿಗಾಗುವಷ್ಟು ಬಾಡಿಗೆ ಸಾಕಾಗುತ್ತಿತ್ತು. ಕಾರ್ಮಿಕನ ಆದಾಯದಲ್ಲಿ ಅದು ತೀರಾ ಸಣ್ಣ ಪಾಲು. ಮನೆಯನ್ನು ದುಬಾರಿಯಾಗಿಸುವುದು ಇಟ್ಟಿಗೆ ಸಿಮೆಂಟುಗಳಷ್ಟೇ ಎಂದು ನಾವು ಭಾವಿಸಿದ್ದೇವೆ. ಇಪ್ಪತ್ತು ವರ್ಷಗಳ ಕಂತು ಕಟ್ಟಿದವರನ್ನು ಕೇಳಿ ನೋಡಿ. ಸಾಲದಷ್ಟೇ ಮೊತ್ತವನ್ನು ಬಡ್ಡಿಯ ರೂಪದಲ್ಲೂ ತೆತ್ತ ಕಥೆಯನ್ನು ಅವರು ಹೇಳುತ್ತಾರೆ. ವಿಯೆನ್ನಾ ಆ ಮನೆಗಳನ್ನು ಮಾರಿ ಕೈತೊಳೆದುಕೊಳ್ಳಲಿಲ್ಲ ಎಂಬುದೂ ಮುಖ್ಯ. ಇಂದಿಗೂ ಸುಮಾರು 2.2 ಲಕ್ಷ ಮನೆಗಳು ನಗರದ ಒಡೆತನದಲ್ಲಿವೆ. ನಗರದ ಹೆಚ್ಚುಕಡಿಮೆ ಅರ್ಧದಷ್ಟು ಜನರು ಪಾಲಿಕೆಯ ಅಥವಾ ಸಾರ್ವಜನಿಕ ನೆರವಿನಿಂದ ಕಟ್ಟಿದ ಮನೆಗಳಲ್ಲಿ ವಾಸಿಸುತ್ತಾರೆ.

ನಮ್ಮಲ್ಲಿ ನಡೆಯುತ್ತಿರುವುದೇನು? 2024ರಲ್ಲಿ ಆರಂಭವಾದ ಆವಾಸ್ ಯೋಜನೆಯ ಎರಡನೇ ಹಂತವು ಐದು ವರ್ಷಗಳಲ್ಲಿ ಒಂದು ಕೋಟಿ ನಗರವಾಸಿ ಕುಟುಂಬಗಳನ್ನು ಗುರಿಯಾಗಿಸಿಕೊಂಡಿದೆ. ಅದರ ಒಂದು ಭಾಗ ಬ್ಯಾಂಕ್ ಸಾಲದ ಬಡ್ಡಿಗೆ 1.80 ಲಕ್ಷದವರೆಗೆ ಸಹಾಯಧನ. ಸಾಲ ಸಿಗದವನಿಗೆ, ಧಾರ್ಮಿಕ ನಿಷ್ಠೆಯಿಂದ ಬಡ್ಡಿಯ ವ್ಯವಹಾರಕ್ಕಿಳಿಯದವನಿಗೆ ಅದರಿಂದ ದಮ್ಮಡಿಯ ಪ್ರಯೋಜನವಿಲ್ಲ. ಇನ್ನೊಂದು ಭಾಗ ಸ್ವಂತ ನಿವೇಶನದಲ್ಲಿ ಮನೆ ಕಟ್ಟಿಕೊಳ್ಳುವವರಿಗೆ. ಮೂರು ತಲೆಮಾರಿನಿಂದ ಅದೇ ಓಣಿಯಲ್ಲಿದ್ದರೂ ಖಾತೆಯಿಲ್ಲದ, ಹಕ್ಕುಪತ್ರವಿಲ್ಲದ ಕುಟುಂಬ ಅಲ್ಲಿಂದಲೂ ಹೊರಗೆ. ದೇಶದ ಒಟ್ಟು ಜನಸಂಖ್ಯೆಗೆ ಹೋಲಿಸಿದರೆ ಮುಸ್ಲಿಮರು ನಗರಗಳಲ್ಲೇ ಹೆಚ್ಚಾಗಿ ವಾಸಿಸುತ್ತಾರೆಂದು ಸಾಚಾರ್ ಸಮಿತಿ 2006ರಲ್ಲೇ ಹೇಳಿತ್ತು. ಹಾಗಾಗಿ ನಗರದ ವಸತಿ ನೀತಿಯು ಈ ಸಮುದಾಯದ ಬದುಕನ್ನು ನೇರವಾಗಿ ತಟ್ಟುತ್ತದೆ.

2025ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ವಸತಿ ಯೋಜನೆಗಳಲ್ಲಿ ಅಲ್ಪಸಂಖ್ಯಾತರ ಪಾಲನ್ನು ಶೇ. 10ರಿಂದ 15ಕ್ಕೆ ಏರಿಸಲು ತೀರ್ಮಾನಿಸಿದಾಗ ಎದ್ದ ಗದ್ದಲ ನೆನಪಿರಬಹುದು. ಒಂದು ಪಕ್ಷ ಓಲೈಕೆಯೆಂದು ಕೂಗಿತು, ಇನ್ನೊಂದು ಪಕ್ಷ ಸಾಮಾಜಿಕ ನ್ಯಾಯವೆಂದು ಬೆನ್ನು ತಟ್ಟಿಕೊಂಡಿತು. ಪಾಲು ನ್ಯಾಯಯುತವಾಗಿರಬೇಕು ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಪಾತ್ರೆಯಲ್ಲಿ ಅನ್ನವೇ ಇಲ್ಲದಿದ್ದರೆ ಹತ್ತು ಪಾಲಾದರೇನು, ಹದಿನೈದು ಪಾಲಾದರೇನು? ಶೇಕಡಾವಾರಿನ ಬಗ್ಗೆ ವಾರಗಟ್ಟಲೆ ಚರ್ಚಿಸಿದ ನಾವು ಪಾತ್ರೆಯನ್ನು ತುಂಬಿಸುವವರು ಯಾರು ಎಂದು ಒಂದು ದಿನವಾದರೂ ಕೇಳಿದೆವೆ?

ಪಾತ್ರೆ ತುಂಬಿಸುವ ದಾರಿಗಳಿವೆ. ಮೆಟ್ರೋ ಬಂದಾಗ, ವರ್ತುಲ ರಸ್ತೆ ಬಂದಾಗ ಅಕ್ಕಪಕ್ಕದ ನೆಲದ ಬೆಲೆ ಹಲವು ಪಟ್ಟು ಏರುತ್ತದೆ. ಸಾರ್ವಜನಿಕರ ಹಣದಿಂದ ಹುಟ್ಟಿದ ಆ ಲಾಭ ಭೂಮಾಲಕನ ಜೇಬಿಗೆ ಹೋಗುತ್ತದೆ. ಅದರಲ್ಲೊಂದು ಪಾಲನ್ನು ವಸತಿ ನಿಧಿಗೆ ಪಡೆಯುವುದು ಅನ್ಯಾಯವೇನಲ್ಲ. ಹೆಚ್ಚುವರಿ ಮಹಡಿಗಳಿಗೆ ಅನುಮತಿ ಕೊಡುವಾಗ ಬರುವ ಶುಲ್ಕವನ್ನು ಇದಕ್ಕೇ ಮೀಸಲಿಡಬಹುದು. ವರ್ಷಗಟ್ಟಲೆ ಖಾಲಿ ಬಿಟ್ಟ ಮನೆಗಳಿಗೂ ನಿವೇಶನಗಳಿಗೂ ಹೆಚ್ಚಿನ ತೆರಿಗೆ ವಿಧಿಸಬಹುದು. ಊರಾಚೆ ಹದಿನೈದು ಮೈಲಿ ದೂರದಲ್ಲಿ ಕಟ್ಟಿದ ಮನೆಗೆ ಬಡವ ಹೋಗುವುದಿಲ್ಲ, ಹೋದರೆ ಅವನ ಕೂಲಿ ಬಸ್ಸಿನ ಚಾರ್ಜಿಗೇ ಮುಗಿಯುತ್ತದೆ. ಆದ್ದರಿಂದ ನಗರದೊಳಗಿನ ಪಾಲಿಕೆಯ ಜಾಗವನ್ನು ಹರಾಜು ಹಾಕುವ ಬದಲು ಅಲ್ಲಿಯೇ ಬಾಡಿಗೆ ಮನೆಗಳನ್ನು ಕಟ್ಟಬೇಕು.

ಪಾಲಿಕೆಯೇ ಮಾಲಕನಾಗುವುದರಿಂದ ಇನ್ನೊಂದು ಲಾಭವಿದೆ. ಖಾಸಗಿ ಮಾಲಕ ಹೆಸರು ಕೇಳಿ ಬಾಗಿಲು ಮುಚ್ಚುತ್ತಾನೆ. ಈ ಅನುಭವ ನಮ್ಮ ಬಹುತೇಕ ಕುಟುಂಬಗಳಿಗೆ ಹೊಸದಲ್ಲ. ಧರ್ಮದ ಆಧಾರದಲ್ಲಿ ತಾರತಮ್ಯ ಮಾಡುವ ಅಧಿಕಾರ ಪಾಲಿಕೆಗಿಲ್ಲ, ಸಂವಿಧಾನದ 15ನೇ ವಿಧಿ ಅದನ್ನು ತಡೆಯುತ್ತದೆ. ಕಾನೂನೊಂದೇ ಸಾಲದು ಎಂಬುದೂ ನಿಜ. ವಡೋದರಾದ ಸರಕಾರಿ ವಸತಿ ಸಮುಚ್ಚಯವೊಂದರಲ್ಲಿ ಮುಸ್ಲಿಮ್ ಕುಟುಂಬಕ್ಕೆ ಮನೆ ಹಂಚಿಕೆಯಾದುದನ್ನು ನೆರೆಹೊರೆಯವರು ವಿರೋಧಿಸಿದ ಸುದ್ದಿ 2024ರಲ್ಲಿ ದೇಶವನ್ನೇ ತಲೆತಗ್ಗಿಸುವಂತೆ ಮಾಡಿತು. ಆದರೂ ಅಲ್ಲಿ ಹೋರಾಡಲು ಹಂಚಿಕೆಯ ಪತ್ರವೊಂದಾದರೂ ಇತ್ತು. ಖಾಸಗಿ ಮಾಲಕನ ಹೊಸ್ತಿಲಿನಲ್ಲಿ ಅದೂ ಇರುವುದಿಲ್ಲ.

ಇಷ್ಟು ಹೇಳಿದ ಮೇಲೆ ಸಮುದಾಯಕ್ಕೂ ಎರಡು ಮಾತು ಹೇಳಬೇಕಾಗಿದೆ. ಕರ್ನಾಟಕದ ಪೌರಸಂಸ್ಥೆಗಳು ತಮ್ಮ ನಿಧಿಯಲ್ಲಿ ಶೇ. 24.10ನ್ನು ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ, ಶೇ. 7.25ನ್ನು ಇತರ ಬಡವರ ಕಲ್ಯಾಣಕ್ಕೆ, ಶೇ. 5ನ್ನು ವಿಕಲಚೇತನರಿಗೆ ಮೀಸಲಿಡಬೇಕೆಂಬ ನಿಯಮವಿದೆ. ಬೆಂಗಳೂರಿನಲ್ಲಿ ಒಂಟಿ ಮನೆ ಯೋಜನೆಯಡಿ ಮನೆಯೊಂದಕ್ಕೆ 5 ಲಕ್ಷ ರೂಪಾಯಿ ಕೊಟ್ಟದ್ದು ಪಾಲಿಕೆಯ ಕಲ್ಯಾಣ ನಿಧಿಯಿಂದಲೇ. ನಮ್ಮ ಊರಿನ ನಗರಸಭೆಯಲ್ಲಿ ಆ ಶೇ. 7.25 ಎಷ್ಟು ರೂಪಾಯಿಯಾಯಿತು, ಯಾರಿಗೆ ಹೋಯಿತು, ಖರ್ಚಾಗದೆ ಉಳಿದದ್ದೆಷ್ಟು? ನಮ್ಮ ಮೊಹಲ್ಲಾಗಳ ಎಷ್ಟು ಮಂದಿ ಇದನ್ನು ಕೇಳಿದ್ದಾರೆ? ಚುನಾವಣೆಯ ವೇಳೆ ಓಣಿಗೊಂದು ಕಾಂಕ್ರೀಟ್ ರಸ್ತೆ, ಮಸೀದಿಯ ಮುಂದೊಂದು ದೀಪ ಸಿಕ್ಕಿದರೆ ತೃಪ್ತರಾಗುವ ನಾವು ಬಜೆಟ್ ಮಂಡನೆಯ ಪೂರ್ವಭಾವಿ ಸಭೆಗೆ ಹೋಗುವುದಿಲ್ಲ. ಮನೆ ತೆರಿಗೆ ಬಾಕಿಯಿಟ್ಟುಕೊಂಡು, ಖಾತೆ ಮಾಡಿಸದೆ ಕಾಲ ತಳ್ಳುತ್ತೇವೆ. ಕೊಡಬೇಕಾದುದನ್ನು ಕೊಡದವನ ದನಿ ಕೇಳುವಾಗ ಕುಗ್ಗುತ್ತದೆ.

ಇನ್ನೊಂದು ಮಾತು ನಮ್ಮೊಳಗಿನ ಉಳ್ಳವರಿಗೆ. ಮೊಹಲ್ಲಾದಲ್ಲಿ ಹತ್ತಾರು ಮನೆ ಕಟ್ಟಿಸಿ, ಬೇರೆಡೆ ಮನೆ ಸಿಗದ ತನ್ನವರ ಅಸಹಾಯಕತೆಯನ್ನೇ ಬಂಡವಾಳವಾಗಿಸಿ ವರ್ಷವರ್ಷವೂ ಬಾಡಿಗೆ ಏರಿಸುವವರು ನಮ್ಮಲ್ಲಿಲ್ಲವೇ? ಬಡ್ಡಿಯನ್ನು ಖಂಡಿಸುವ ನಾಲಗೆಯಿಂದಲೇ ಲಕ್ಷಗಟ್ಟಲೆ ಭೋಗ್ಯದ ಮಾತಾಡುವವರಿಲ್ಲವೇ? ಹೊರಗಿನವರ ತಾರತಮ್ಯವನ್ನು ಪ್ರಶ್ನಿಸುವ ನೈತಿಕ ಬಲ ಒಳಗಿನ ಶೋಷಣೆಯನ್ನು ತಿದ್ದಿಕೊಂಡಾಗಲೇ ಬರುತ್ತದೆ.

ಸೂರು ಭಿಕ್ಷೆಯಲ್ಲ. ರಸ್ತೆ ಗುಡಿಸುವವರು, ಗಾರೆ ಕಲಸುವವರು, ರಿಕ್ಷಾ ಓಡಿಸುವವರು ಇಲ್ಲದೆ ಯಾವ ನಗರವೂ ಒಂದು ದಿನ ಬಾಳಲಾರದು. ಅವರ ದುಡಿಮೆಯನ್ನು ಹಗಲಿಡೀ ಪಡೆದು, ರಾತ್ರಿ ಮಲಗುವ ಜಾಗಕ್ಕೆ ಮಾತ್ರ ಸಾಲ ಮಾಡಿಕೊಳ್ಳಿರೆಂದು ಹೇಳುವುದು ನಾಗರಿಕತೆಯೆನಿಸದು. ಮುಂದಿನ ಬಾರಿ ಮತ ಕೇಳಲು ಬಾಗಿಲಿಗೆ ಬಂದವರನ್ನು ನಾವು ಕೇಳಬೇಕಾದದ್ದು ಇಷ್ಟೇ: ಈ ನಗರದ ಬಜೆಟ್‌ನಲ್ಲಿ ಮನೆಯಿಲ್ಲದವರ ಮನೆಗಾಗಿ ನೀವಿಟ್ಟ ಹಣವೆಷ್ಟು? ಉತ್ತರವನ್ನು ರೂಪಾಯಿಗಳಲ್ಲಿ ಹೇಳಲಿ.